ಏಳನೇ ನಂಬರಿನ ಕೋವಿ

ಕೆಂಡಲ್ ಪಾರ್ಕ್, ನ್ಯೂಜೆರ್ಸಿ
ಜೂನ್ 7, 2009

ರಘು,

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೆ ಜಗಳವೇ ಆಗುವುದು. ಮೊನ್ನೆ “ಅಕ್ಕ, ನಿನಗೆ ಇದೆಲ್ಲ ಅರ್ಥ ಆಗುವುದಿಲ್ಲ” ಎಂದು ಫೋನ್ ಇಟ್ಟೆಯಲ್ಲ. ನಿನಗಿಂತ ಎಂಟು ವರ್ಷ ದೊಡ್ಡವಳಿಗೆ ಅರ್ಥ ಆಗದ್ದು ನಿನಗೆ ಅರ್ಥ ಆಗಿದೆ ಎಂದರೆ ಸಂತೋಷವೇ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧದಲ್ಲಿ ಕಟ್ ಮಾಡಲಿಕ್ಕೆ ಬರುವುದಿಲ್ಲ.

ನಮ್ಮ ಯಜಮಾನರು ಟೋನಿ, ಮನ್ರೋ ಊರಿನ ಮನೆಯಿಂದ ಬಂದು ಹೋಟೆಲಿನ ಅಡುಗೆಮನೆಯಲ್ಲೇ ನಿಂತು ಹೇಳಿದರು. ರೂಟ್ 27ರ ಅವರ ಹೋಟೆಲು ದೀಪಾವಳಿಯವರೆಗೆ ಮಾತ್ರ. ಹನ್ನೊಂದು ವರ್ಷ ನಾನು ಸಾಂಬಾರು ಕುದಿಸಿದ ಒಲೆ ಅದು. ಬ್ಯಾಂಕಿನವರು, ಇನ್ಶೂರೆನ್ಸಿನವರು ಎಲ್ಲ ಕೆಲಸ ಹೋಗಿ ಮನೆಯಲ್ಲಿ ಕೂತ ಮೇಲೆ ಮಧ್ಯಾಹ್ನದ ಬಫೆಗೆ ಬರುವವರು ಯಾರು? ಮಾಡಿದ ಪಲ್ಯ ಹಾಗೇ ಉಳಿಯುತ್ತದೆ. ಟೋನಿಗೂ ಬೇಜಾರು. “ಗುಲಾಬಿ, ಟೆನೆಸ್ಸಿಯ ಹೋಟೆಲು ಅರ್ಧ ನನ್ನದು, ಅರ್ಧ ನಿನ್ನ ತಮ್ಮನದು. ಅಲ್ಲಿ ಹೈವೇ ಉಂಟು, ಬಾರ್ ಉಂಟು, ಅಡುಗೆಗೆ ಮಾತ್ರ ಜನ ಇಲ್ಲ. ನೀನು ಹೋದರೆ ಅದಾದರೂ ನಿಲ್ಲುತ್ತದೆ” ಎಂದರು.

ನೀನೂ ಅದನ್ನೇ ಹೇಳುತ್ತ ಬಂದಿದ್ದಿ. ನಾನು ಮನಸ್ಸು ಮಾಡಿಯೂ ಇದ್ದೆ. ಅಕ್ಷಿತಾ ಕಾಲೇಜಿನ ಹಾಸ್ಟೆಲು ಸೇರಿದಳು, ಅವಳ ಅಪ್ಪ ತೀರಿಹೋಗಿ ನಾಲ್ಕು ವರ್ಷ ಆಯಿತು, ಈ ಮನೆಯಲ್ಲಿ ನಾನು ಯಾರಿಗೆ ಬೇಯಿಸಲಿ? ಆದರೆ ನಿನ್ನೆ ಮಗಳು ನಿಮ್ಮ ಊರಿನ ಸುದ್ದಿ ಪ್ರಿಂಟ್ ಮಾಡಿ ತಂದಳು. ಜುಲೈ ಹದಿನಾಲ್ಕರಿಂದ ಪರ್ಮಿಟ್ ಇದ್ದವರು ಮದ್ಯ ಕೊಡುವ ಹೋಟೆಲಿಗೂ ಕೈಕೋವಿ ಇಟ್ಟುಕೊಂಡು ಬರಬಹುದಂತೆ. ಗವರ್ನರ್ ಬೇಡ ಎಂದರೂ ಶಾಸಕರು ಪುನಃ ವೋಟು ಹಾಕಿ ಪಾಸು ಮಾಡಿದರಂತೆ. “ಇಟ್ಸ್ ಲೀಗಲ್, ಅಮ್ಮ. ಜಸ್ಟ್ ಡಂಬ್” ಎಂದಳು.

ಇದನ್ನು ನೀನು ನನಗೆ ಯಾಕೆ ಹೇಳಲಿಲ್ಲ? ಅದಕ್ಕೆ ಮೊದಲು ಉತ್ತರ ಬರೆ.

ನಿನ್ನ ಅಕ್ಕ,
ಗುಲಾಬಿ

*

ನಾಕ್ಸ್‌ವಿಲ್ ಹತ್ತಿರ, ಟೆನೆಸ್ಸಿ
ಜೂನ್ 21, 2009

ಅಕ್ಕ,

ಹೇಳಿದರೆ ನೀನು ಬರುವುದಿಲ್ಲ ಎಂದು ಹೇಳಲಿಲ್ಲ. ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ.

ನೀನು ನೆನೆಸುವ ಹಾಗೆ ಇಲ್ಲಿ ಯಾರೂ ಕೋವಿ ತಿರುಗಿಸುತ್ತ ಬರುವುದಿಲ್ಲ. ಹಿಂದಿನಿಂದ ಬರುವವರಿಗೆ ಬಾಗಿಲು ಹಿಡಿದು ನಿಲ್ಲುವ, ನನ್ನನ್ನು ‘ಸರ್’ ಎನ್ನುವ ಜನ. ದೋಸೆಯನ್ನು ಫೋರ್ಕಿನಲ್ಲಿ ಕತ್ತರಿಸುತ್ತಾರೆ, ನೋಡಲಿಕ್ಕೆ ಅದೊಂದು ಕಷ್ಟ. ಮೊದಲು ಇದು ಬರೀ ಮಾಂಸದ ಹೋಟೆಲಾಗಿತ್ತು. ಹದಿನಾಲ್ಕು ಸ್ಟೂಲಿನ ಬಾರ್ ಕೌಂಟರ್ ಇನ್ನೂ ಉಂಟು. ಹತ್ತಿರದ ದೋಣಿ ಫ್ಯಾಕ್ಟರಿ ಈ ವರ್ಷ ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಂಡವರು ಮಧ್ಯಾಹ್ನವೇ ಬಂದು ಕೂರುತ್ತಾರೆ, ಅವರಿಂದಲೇ ನಮ್ಮ ಬಾಗಿಲು ತೆರೆದಿರುವುದು.

ಕಾನೂನು ಅಕ್ಷಿತಾ ಹೇಳಿದಷ್ಟೇ ಅಲ್ಲ. ಕೋವಿ ಇಟ್ಟುಕೊಂಡವನು ಊಟ ಮಾಡಬಹುದು, ಕುಡಿಯಬಾರದು. ಕೋವಿ ಬೇಡ ಎನ್ನುವ ಮಾಲೀಕ ಬಾಗಿಲಿಗೆ ಬೋರ್ಡು ಹಾಕಬಹುದು. ಹಾಕು ಎನ್ನುತ್ತಿ ನೀನು, ಗೊತ್ತು. ಎದುರಿನ ಹೋಟೆಲಿನವ ಹಾಕುವುದಿಲ್ಲ. ಬೋರ್ಡು ಹಾಕಿದ ಹೋಟೆಲುಗಳ ಪಟ್ಟಿ ಮಾಡಿ, ಅಲ್ಲಿಗೆ ಹೋಗಬೇಡಿ ಎಂದು ಹಂಚುವವರೂ ಇದ್ದಾರೆ. ನಾನು ಮೊದಲೇ ಹೊರಗಿನವ.

ಇನ್ನೊಂದು ವಿಷಯ, ಬೈಯಬೇಡ. ನಾನೂ ಕೋವಿಯ ಪರ್ಮಿಟ್ ಕ್ಲಾಸಿಗೆ ಹೆಸರು ಕೊಟ್ಟಿದ್ದೇನೆ. ಎಪ್ಪತ್ತೇಳರ ಇಲೆಕ್ಷನ್ ನೆನಪುಂಟಲ್ಲ ನಿನಗೆ? ಪ್ರತಿ ಸಲದ ಹಾಗೆ ಊರಿನವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತಂದರು. ರಿಸಲ್ಟ್ ಬಂದ ಮೇಲೆ ರಸೀದಿ ಕೊಟ್ಟು ಬಿಡಿಸಿಕೊಂಡರು. ನಮ್ಮ ಅಪ್ಪಯ್ಯ ಒಬ್ಬ ತರಲಿಲ್ಲ. ರಸೀದಿ ಕಳೆದುಹೋಯಿತು ಎಂದ. ಠಾಣೆಗೆ ಹೋಗಿ ಎರಡು ಮಾತು ಕೇಳುವ ಧೈರ್ಯ ಅವನಿಗೆ ಇರಲಿಲ್ಲ, ಅಷ್ಟೇ. ಆಮೇಲೆ ಹಂದಿ ಬಂದು ಗೆಣಸಿನ ಗದ್ದೆ ಅಗೆದು ಹಾಕುವಾಗ ಅಪ್ಪಯ್ಯ ಖಾಲಿ ಡಬ್ಬ ಬಡಿಯುತ್ತ ನಿಲ್ಲುವುದು. ಶಾಲೆಯಲ್ಲಿ ನನ್ನನ್ನು ‘ಡಬ್ಬದವನ ಮಗ’ ಎಂದೇ ಕರೆಯುತ್ತಿದ್ದರು. ಹಾಗೆ ಹೆದರಿಕೊಂಡು ಬದುಕಲಿಕ್ಕೆ ನನ್ನಿಂದ ಆಗುವುದಿಲ್ಲ ಅಕ್ಕ.

ನೀನು ಬಾ. ಅಡುಗೆಯವರು ಸಿಗದಿದ್ದರೆ ಈ ಹೋಟೆಲು ಹೊಸ ವರ್ಷ ಕಾಣುವುದಿಲ್ಲ.

ರಘು

*

ಕೆಂಡಲ್ ಪಾರ್ಕ್
ಜುಲೈ 12, 2009

ರಘು,

ನಮ್ಮ ಹೋಟೆಲಿಗೆ ಮದ್ಯದ ಲೈಸೆನ್ಸ್ ಇಲ್ಲ, ಗಿರಾಕಿಗಳು ಬಾಟಲಿ ಅವರೇ ತರುತ್ತಾರೆ, ನಾವು ಗ್ಲಾಸು ಕೊಡುತ್ತೇವೆ. ನಿನ್ನಲ್ಲಿ ಬಾಟಲಿ ನೀನು ಕೊಡುವುದು, ಕೋವಿ ಅವರು ತರುವುದು. ಒಳ್ಳೆ ವ್ಯಾಪಾರ ಮಾರಾಯ.

ಇಲ್ಲಿ ನ್ಯೂಜೆರ್ಸಿಯಲ್ಲಿ ಸಾಮಾನ್ಯ ಜನಕ್ಕೆ ಆ ಪರ್ಮಿಟ್ ಸಿಗುವುದೇ ಇಲ್ಲ, ಇಲ್ಲದೆ ಇಟ್ಟುಕೊಂಡರೆ ಜೈಲು ಎನ್ನುತ್ತಾಳೆ ಅಕ್ಷಿತಾ. ಹನ್ನೊಂದು ಗಂಟೆ ಡ್ರೈವ್ ಮಾಡಿದರೆ ಅದೇ ತಪ್ಪು ಹಕ್ಕಾಗುತ್ತದೆ. ದೊಡ್ಡ ದೇಶ ಬಿಡು. ನನ್ನ ಮಂಡೆಗೆ ಹೋಗುವುದು ಇಷ್ಟೇ. ಕೋವಿ ಇಟ್ಟುಕೊಂಡವನು ಕುಡಿಯಬಾರದು ಎಂದು ಬರೆದವರು ನಿನ್ನ ಬಾರಿಗೆ ಬಂದು ಕಾವಲು ಕೂರುತ್ತಾರಾ?

ನಿನ್ನೆ ಪಕ್ಕದ ಮನೆಯ ಸುಧಾಮಣಿಯ ಜೊತೆ ರೈಲು ಹತ್ತಿ ನ್ಯೂಯಾರ್ಕಿನ ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆ. ನಿನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಭಟ್ಟರು ನಕ್ಷತ್ರ ಕೇಳಿದರು, ನನಗೆ ಮರೆತಿತ್ತು. ಹಟ ಹುಟ್ಟಿದ ನಕ್ಷತ್ರ ಯಾವುದೋ ಅದನ್ನೇ ಹೇಳಿ ಎನ್ನುವವಳಿದ್ದೆ. ಆಮೇಲೆ ಕೆಳಗೆ ಕ್ಯಾಂಟೀನಿನಲ್ಲಿ ದೋಸೆ ತಿಂದೆವು. ಸುಧಾಮಣಿ ಏನೋ ಹೇಳುತ್ತ ಇದ್ದಳು, ನನಗೆ ಒಂದೂ ಕೇಳಲಿಲ್ಲ. ನಿನ್ನ ಚಿಂತೆಯಲ್ಲೇ ದೋಸೆ ಮುಗಿಯಿತು.

ನನ್ನ ಷರತ್ತು ಒಂದೇ. ಬೋರ್ಡು ಹಾಕು. ಹಾಕಿದ ಫೋಟೋ ಕಳಿಸು. ಮರುದಿನ ಸಾಮಾನು ಕಟ್ಟುತ್ತೇನೆ.

ಅಪ್ಪಯ್ಯನ ವಿಷಯ ನೀನು ತಿಳಿದ ಹಾಗೆ ಅಲ್ಲ. ಹೇಗೆ ಎಂದು ಬರೆಯಲಾರೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆದರೆ ‘ಧೈರ್ಯ ಇರಲಿಲ್ಲ’ ಎಂದು ಇನ್ನೊಮ್ಮೆ ಬರೆದರೆ ಆ ಕಾಗದವನ್ನು ನಿನಗೇ ವಾಪಸು ಕಳಿಸುತ್ತೇನೆ.

ಗುಲಾಬಿ

*

ನಾಕ್ಸ್‌ವಿಲ್ ಹತ್ತಿರ
ಆಗಸ್ಟ್ 16, 2009

ಅಕ್ಕ,

ಬೋರ್ಡು ಹಾಕಲಿಲ್ಲ. ಸಿಟ್ಟು ಮಾಡುವ ಮೊದಲು ಪೂರ್ತಿ ಓದು. ಬೋರ್ಡಿಗಿಂತ ಒಳ್ಳೆಯದೊಂದು ಮಾಡಿದ್ದೇನೆ.

ಕೊಲ್ಲೂರಿಗೆ ಹೋದರೆ ಚಪ್ಪಲಿ ಎಂತ ಮಾಡುತ್ತೇವೆ? ಕೊಟ್ಟು ಟೋಕನ್ ತೆಗೆದುಕೊಳ್ಳುತ್ತೇವೆ. ಇಲೆಕ್ಷನ್ ಬಂದರೆ ಕೋವಿಯನ್ನು ಠಾಣೆಗೆ ಕೊಟ್ಟು ರಸೀದಿ ತೆಗೆದುಕೊಳ್ಳುತ್ತೇವೆ. ನಾನೂ ಅದನ್ನೇ ಮಾಡಿದೆ. ಕ್ಯಾಶ್ ಕೌಂಟರಿನ ಹಿಂದೆ ಹತ್ತು ಖಾನೆಯ ಒಂದು ಸ್ಟೀಲ್ ಕಪಾಟು ಇಟ್ಟಿದ್ದೇನೆ. ಒಂದೊಂದು ಖಾನೆಗೆ ಒಂದೊಂದು ಬೀಗ, ನಂಬರು ಬರೆದ ಹಿತ್ತಾಳೆಯ ಟೋಕನ್. ಕುಡಿಯುವುದಿದ್ದರೆ ಕೋವಿಯನ್ನು ಇಲ್ಲಿ ಇಡಿ, ಹೋಗುವಾಗ ಟೋಕನ್ ಕೊಟ್ಟು ತೆಗೆದುಕೊಳ್ಳಿ. ಕಾನೂನೂ ಮುರಿಯಲಿಲ್ಲ, ಗಿರಾಕಿಯೂ ಹೋಗಲಿಲ್ಲ. ಮೊದಲ ದಿನ ನಕ್ಕರು. ಈಗ ಅವರೇ ಬಂದು ಕೋಟು ತೆಗೆದ ಹಾಗೆ ತೆಗೆದು ಇಡುತ್ತಾರೆ.

ಏಳನೇ ನಂಬರು ಒಬ್ಬನಿಗೇ ಮೀಸಲು. ದೋಣಿಗೆ ಬಣ್ಣ ಹೊಡೆಯುತ್ತಿದ್ದವ, ಐವತ್ತು ದಾಟಿದೆ, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಉಂಟು. ಸಾಂಬಾರನ್ನು ಸೂಪು ಎಂದುಕೊಂಡು ಬಟ್ಟಲುಗಟ್ಟಲೆ ಕುಡಿಯುತ್ತಾನೆ. ನನ್ನ ಸಾಂಬಾರಿಗೇ ಹೀಗೆ, ನಿನ್ನದು ಕುಡಿದರೆ ಇಲ್ಲೇ ಮನೆ ಮಾಡುತ್ತಾನೆ. ಅವನ ನಾಯಿ ಹೊರಗೆ ಗಾಡಿಯಲ್ಲಿ ಕಾಯುತ್ತ ಕೂತಿರುತ್ತದೆ.

ಅಪ್ಪಯ್ಯ ಇಟ್ಟದ್ದನ್ನು ತರಲಿಲ್ಲ. ನನ್ನ ಹತ್ತಿರ ಇಟ್ಟದ್ದನ್ನು ನಾನು ತಪ್ಪದೆ ವಾಪಸು ಕೊಡುತ್ತೇನೆ. ಅಷ್ಟೇ ವ್ಯತ್ಯಾಸ. ಇನ್ನಾದರೂ ಹೊರಡು.

ನಿನ್ನ ತಮ್ಮ,
ರಘು

*

ಕೆಂಡಲ್ ಪಾರ್ಕ್
ಆಗಸ್ಟ್ 30, 2009

ರಘು,

ಚಪ್ಪಲಿ ವಾಪಸು ತೆಗೆದುಕೊಳ್ಳುವವನು ದೇವರ ದರ್ಶನ ಮಾಡಿ ಬಂದಿರುತ್ತಾನೆ. ನಿನ್ನ ಕೌಂಟರಿಗೆ ಟೋಕನ್ ತರುವವನು ಎಂತ ಮಾಡಿ ಬಂದಿರುತ್ತಾನೆ?

ಕುಡಿದವನು ಬಂದು ಟೋಕನ್ ಮುಂದೆ ಮಾಡಿದರೆ ನೀನು ಕೋವಿ ಕೊಡುತ್ತೀಯಾ, ಇಲ್ಲವಾ? ಈ ಒಂದು ಪ್ರಶ್ನೆಗೆ ಉತ್ತರ ಬರೆ. ಬೇರೆ ಎಂತದೂ ಬರೆಯಬೇಡ. ಉತ್ತರ ಬರುವವರೆಗೆ ನಾನು ಎಲ್ಲಿಗೂ ಬರುವುದಿಲ್ಲ. ಟೋನಿಗೂ ಹಾಗೇ ಹೇಳಿದ್ದೇನೆ.

ಗುಲಾಬಿ

*

ನಾಕ್ಸ್‌ವಿಲ್ ಹತ್ತಿರ
ನವೆಂಬರ್ 22, 2009

ಅಕ್ಕ,

ಹತ್ತಿರ ಹತ್ತಿರ ಮೂರು ತಿಂಗಳಾಯಿತು. ದೀಪಾವಳಿಗೆ ನಿಮ್ಮ ಹೋಟೆಲು ಮುಚ್ಚಿದ್ದನ್ನು ಟೋನಿ ಹೇಳಿದರು. ಕೊನೆಯ ದಿನ ನೀನು ಒಲೆ ಒರೆಸಿ ಅರಸಿನ ಕುಂಕುಮ ಇಟ್ಟು ಬಂದೆಯಂತೆ. ಆಗಲೂ ನಾನು ಬರೆಯಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇತ್ತು, ಬರೆಯುವ ಮುಖ ಇರಲಿಲ್ಲ.

ಕೊಟ್ಟಿದ್ದೇನೆ ಅಕ್ಕ. ಎರಡು ಬಿಯರ್ ಕುಡಿದವನಿಗೂ ಕೊಟ್ಟಿದ್ದೇನೆ, ನಾಲ್ಕು ಕುಡಿದವನಿಗೂ ಕೊಟ್ಟಿದ್ದೇನೆ. ಅವರ ವಸ್ತು, ಅವರ ಟೋಕನ್, ಇಲ್ಲ ಎನ್ನಲಿಕ್ಕೆ ನಾನು ಯಾರು ಎಂದು. ಏನೂ ಆಗಲಿಲ್ಲ. ಅದು ನನ್ನ ಪುಣ್ಯ, ಬುದ್ಧಿವಂತಿಕೆ ಅಲ್ಲ.

ಮೊನ್ನೆ ಶುಕ್ರವಾರ ಕೋರ್ಟು ಆ ಕಾನೂನನ್ನು ತೆಗೆದುಹಾಕಿತು. ಯಾವುದು ಹೋಟೆಲು, ಯಾವುದು ಬಾರು ಎಂದು ಅದನ್ನು ಓದಿದವರಿಗೆ ತಿಳಿಯುವ ಹಾಗಿಲ್ಲವಂತೆ. ಇನ್ನು ಇಲ್ಲಿಗೆ ಯಾರೂ ಕೋವಿ ತರುವ ಹಾಗಿಲ್ಲ. ಶಾಸಕರು ಬರುವ ವರ್ಷ ಪುನಃ ತರುತ್ತಾರೆ ಎನ್ನುತ್ತಾರೆ. ಈಗ ನನ್ನ ಕಪಾಟು ಖಾಲಿ, ಒಂದು ಖಾನೆ ಬಿಟ್ಟು. ಏಳನೇ ನಂಬರು.

ಹನ್ನೆರಡನೇ ತಾರೀಕು ಗುರುವಾರ ಅವನು ಬಂದ. ಮಧ್ಯಾಹ್ನ ಒಂದು ಗಂಟೆ. ಕೋವಿ ಇಟ್ಟ, ಟೋಕನ್ ತೆಗೆದುಕೊಂಡ. ಸಾಂಬಾರು ಬೇಡ ಎಂದ. ಬಿಯರ್ ಅಲ್ಲ, ವಿಸ್ಕಿ ಕುಡಿದ. ಮೂರು ಗಂಟೆಗೆ ಎದ್ದು ಬಂದು ಟೋಕನ್ ಕೌಂಟರಿನ ಮೇಲೆ ಇಟ್ಟ. ಸಿಟ್ಟಿಲ್ಲ, ಗಲಾಟೆ ಇಲ್ಲ, ಬಹಳ ಸಮಾಧಾನದಲ್ಲಿದ್ದ. ನನಗೆ ಹೆದರಿಕೆ ಆದದ್ದು ಆ ಸಮಾಧಾನಕ್ಕೆ. ಹೊರಗೆ ನೋಡಿದೆ, ಗಾಡಿಯಲ್ಲಿ ನಾಯಿ ಇರಲಿಲ್ಲ. ಕೇಳಿದೆ. “ಅಕ್ಕನಿಗೆ ಕೊಟ್ಟೆ. ಇನ್ನು ಅವಳೇ ನೋಡಿಕೊಳ್ಳುತ್ತಾಳೆ” ಎಂದ.

ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿತ್ತು. ಕೊಡುವುದಿಲ್ಲ ಎಂದು ಮುಖಕ್ಕೆ ಹೇಳಬೇಕಿತ್ತು. ಯಾಕೆ ಬೇಕು ಎಂದಾದರೂ ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಸುಳ್ಳು. ಏಳನೆಯದರ ಬೀಗದ ಕೈ ನನ್ನ ಪಾಲುದಾರ ಟೋನಿ ತಪ್ಪಿ ನ್ಯೂಜೆರ್ಸಿಗೆ ತೆಗೆದುಕೊಂಡು ಹೋಗಿದ್ದಾರೆ, ಪೋಸ್ಟಿನಲ್ಲಿ ಬರಬೇಕು ಎಂದೆ. ಅವನು ನನ್ನನ್ನು ನೋಡಿದ. ಆಮೇಲೆ ಟೋಕನನ್ನು ಜೇಬಿಗೆ ಹಾಕಿ ಸ್ಟೂಲಿನ ಮೇಲೆ ಕೂತು ಅತ್ತ. ನಾನೇ ಅವನನ್ನು ಕಾರಿನಲ್ಲಿ ಕೂರಿಸಿ ಅವನ ಅಕ್ಕನ ಮನೆಗೆ ಬಿಟ್ಟು ಬಂದೆ. ನಾಯಿ ಓಡಿ ಬಂತು. ನನಗೆ ಕಂಡದ್ದನ್ನು ಅವಳಿಗೆ ಎರಡು ಮಾತಿನಲ್ಲಿ ಹೇಳಿದೆ.

ಹತ್ತು ದಿನ ಆಯಿತು, ಅವನು ಬರಲಿಲ್ಲ. ಬದುಕಿದ್ದಾನೆ ಎಂದು ಮಾತ್ರ ಗೊತ್ತು.

ಪರ್ಮಿಟ್ ಕ್ಲಾಸಿಗೆ ನಾನು ಹೋಗಲಿಲ್ಲ. ಕೊನೆಗೆ ನಾನೂ ಅಪ್ಪಯ್ಯನ ಹಾಗೇ ಆದೆ. ಧೈರ್ಯದಲ್ಲಿ ಇಲ್ಲ ಎನ್ನಲಿಕ್ಕೆ ಬಾರದೆ, ಕಳೆದಿದೆ ಎಂದು ಸುಳ್ಳು ಹೇಳಿದೆ. ನೀನು ಈ ಕಾಗದ ವಾಪಸು ಕಳಿಸಿದರೂ ಸರಿಯೇ.

ರಘು

*

ಕೆಂಡಲ್ ಪಾರ್ಕ್
ನವೆಂಬರ್ 29, 2009

ನನ್ನ ರಘು,

ವಾಪಸು ಕಳಿಸುವುದಿಲ್ಲ. ಈ ಕಾಗದದ ಜೊತೆ ಬೇರೆ ಒಂದು ಕಳಿಸುತ್ತಿದ್ದೇನೆ. ಮೊದಲು ಇದನ್ನು ಓದಿ ಮುಗಿಸು, ಆಮೇಲೆ ಮಡಿಸಿದ ಹಳದಿ ಚೀಟಿ ಬಿಡಿಸು. ಮೆಲ್ಲ, ಹರಿಯುತ್ತದೆ.

ಎಪ್ಪತ್ತೇಳರಲ್ಲಿ ನನಗೆ ಹದಿನಾಲ್ಕು. ನಮ್ಮ ಚಿಕ್ಕಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದನಲ್ಲ, ಆ ಹೋಟೆಲು ಮುಚ್ಚಿ, ಕೈ ಬೀಸಿಕೊಂಡು ಊರಿಗೆ ಬಂದಿದ್ದ. ಬೆಳಿಗ್ಗೆಯೇ ಕುಡಿಯುವುದು, ಜಗಲಿಯಲ್ಲಿ ಗೋಡೆ ನೋಡುತ್ತ ಕೂರುವುದು. ನಿನಗೆ ಆಗ ಆರು ವರ್ಷ, ಚಿಕ್ಕಪ್ಪ ಪೆಪ್ಪರ್‌ಮಿಂಟು ತಂದ ಎಂದಷ್ಟೇ ನಿನಗೆ ಗೊತ್ತು. ಇಲೆಕ್ಷನ್ ಮುಗಿದ ಮರುವಾರ ಅವನು ಅಪ್ಪಯ್ಯನ ಹತ್ತಿರ ಬಂದು ಹೇಳಿದ. ಅಣ್ಣ, ರಸೀದಿ ಕೊಡು, ಠಾಣೆಯಿಂದ ಕೋವಿ ನಾನು ತರುತ್ತೇನೆ, ಹಂದಿ ಕಾಟ ಜಾಸ್ತಿ ಆಗಿದೆ ಅಂತ.

ಆಗ ಮಾರ್ಚ್ ತಿಂಗಳು. ಗದ್ದೆಯಲ್ಲಿ ಒಂದು ಗೆಣಸಿನ ಬಳ್ಳಿ ಇರಲಿಲ್ಲ. ಯಾವ ಹಂದಿ?

ಅಪ್ಪಯ್ಯ ಅವನ ಮುಖ ನೋಡಿದ. ನಾನು ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. “ರಸೀದಿ ಕಳೆದುಹೋಗಿದೆ ತಮ್ಮಾ” ಎಂದ ಅಪ್ಪಯ್ಯ. ಅದೇ ದಿನ ಸಂಜೆ ನನ್ನನ್ನು ಕೊಟ್ಟಿಗೆಗೆ ಕರೆದು ರಸೀದಿಯನ್ನು ನನ್ನ ಕೈಯಲ್ಲಿ ಇಟ್ಟ. ನಿನ್ನ ಪುಸ್ತಕದ ಒಳಗೆ ಇಡು, ಯಾರಿಗೂ ಹೇಳಬೇಡ, ರಘುವಿಗಂತೂ ಹೇಳಲೇಬೇಡ, ಅವನು ಚಿಕ್ಕಪ್ಪನನ್ನು ನೋಡುವ ಕಣ್ಣು ಬದಲಾಗಬಾರದು ಎಂದ. ನಾನು ಅಪ್ಪಯ್ಯನ ತಲೆ ಮುಟ್ಟಿ ಆಣೆ ಮಾಡಿದೆ. ಮನೆಯಲ್ಲಿ ಹುಡುಕುವವರ ಕೈಗೆ ಅದು ಸಿಗಬಾರದಿತ್ತು, ಹರಿಯಲಿಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಅವನ ಅಪ್ಪನ ಕೋವಿ ಅದು. ಅಷ್ಟು ಆಸೆಯ ವಸ್ತುವನ್ನು ಬಿಟ್ಟುಕೊಟ್ಟು, ಊರೆಲ್ಲ ನಗುವಾಗ ಡಬ್ಬ ಬಡಿದುಕೊಂಡು ನಿಂತ. ಆ ರಸೀದಿ ನನ್ನ ಮದುವೆಯ ಪೆಟ್ಟಿಗೆಯಲ್ಲಿ ಬಂತು, ಪಾಸ್‌ಪೋರ್ಟಿನ ಒಳಗೆ ಅಮೆರಿಕಕ್ಕೂ ಬಂತು. ನಿನ್ನ ಭಾವನಿಗೂ ನಾನು ತೋರಿಸಲಿಲ್ಲ.

ಅಪ್ಪಯ್ಯನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಇಂದು ಆಣೆ ಮುರಿದೆ, ತಪ್ಪಿದ್ದರೆ ನನಗೇ ತಟ್ಟಲಿ. ನೀನು ಮೊದಲ ಕಾಗದದಲ್ಲಿ ಅಪ್ಪಯ್ಯನ ಬಗ್ಗೆ ಬರೆದದ್ದನ್ನು ಓದಿ ನಾನು ಅತ್ತಿದ್ದೆ. ಈ ಸಲದ್ದು ಓದಿಯೂ ಅತ್ತೆ. ಎರಡೂ ಅಳು ಒಂದೇ ಅಲ್ಲ.

ಚಿಕ್ಕಪ್ಪ ಆ ಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಮರು ವರ್ಷವೇ ಬಸ್ ನಿಲ್ದಾಣದಲ್ಲಿ ಚಾ ಅಂಗಡಿ ಇಟ್ಟ, ಕುಡಿತ ಬಿಟ್ಟ. ಹೊಳೆಯಲ್ಲಿ ನಿನ್ನ ಹೊಟ್ಟೆಯ ಕೆಳಗೆ ಕೈ ಕೊಟ್ಟು ಈಜು ಕಲಿಸಿದ್ದು ಯಾರು, ನೆನಪು ಮಾಡಿಕೋ. ಅಪ್ಪಯ್ಯ ಧೈರ್ಯ ಮಾಡಿ ಕೋವಿ ತಂದಿದ್ದರೆ ನಿನಗೆ ಈಜು ಬರುತ್ತಿರಲಿಲ್ಲ ರಘು.

ನೀನು ಅವನ ಹಾಗೇ ಆಗಿದ್ದಿ. ಆಗು. ಬೋರ್ಡನ್ನು ಮಾತ್ರ ಈಗಲೇ ಬರೆಸಿ ಇಡು, ಶಾಸಕರು ಪುನಃ ಕಾನೂನು ತಂದ ದಿನ ಬಾಗಿಲಿಗೆ ಹಾಕಬಹುದು. ಡಿಸೆಂಬರ್ ಹದಿನೇಳಕ್ಕೆ ಬಸ್ ಟಿಕೆಟ್ ತೆಗೆದಿದ್ದೇನೆ. ನನ್ನ ರುಬ್ಬುವ ಗ್ರೈಂಡರನ್ನು ಟೋನಿ ಬೇರೆ ಕಳಿಸುತ್ತಾರೆ, ಅದನ್ನು ಯಾರೂ ಮುಟ್ಟಬೇಡಿ.

ಅಕ್ಕ

*

ನಾಕ್ಸ್‌ವಿಲ್ ಹತ್ತಿರ
ಡಿಸೆಂಬರ್ 9, 2009

ಅಕ್ಕ,

ಚೀಟಿ ಬಿಡಿಸಿದೆ. ‘ಒಂಟಿ ನಳಿಗೆಯ ಕೋವಿ ಒಂದು’ ಎಂದು ಬರೆದದ್ದರ ಕೆಳಗೆ ಅಪ್ಪಯ್ಯನ ರುಜು ಉಂಟು. ಅದನ್ನು ಪುನಃ ಮಡಿಸಿ ಅಂಗಿಯ ಜೇಬಿನಲ್ಲಿ, ಏಳನೇ ನಂಬರಿನ ಬೀಗದ ಕೈಯ ಜೊತೆ ಇಟ್ಟುಕೊಂಡೆ. ಉಳಿದದ್ದು ನೀನು ಬಂದ ಮೇಲೆ ಹೇಳುತ್ತೇನೆ. ಬೋರ್ಡು ಬರೆಸಿ ಆಯಿತು.

ನಿನ್ನ ಕಾಗದ ಬಂದ ಮರುದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದು ಕೌಂಟರಿನ ಮೇಲೆ ಏಳನೇ ನಂಬರಿನ ಟೋಕನ್ ಇಟ್ಟಳು. ಅವನ ಅಕ್ಕ. ತಮ್ಮ ಈಗ ಅವಳ ಮನೆಯಲ್ಲೇ ಇದ್ದಾನಂತೆ, ಡಾಕ್ಟರ ಹತ್ತಿರ ಹೋಗುತ್ತಿದ್ದಾನಂತೆ, ನಾಯಿ ಪುನಃ ಅವನ ಮಂಚದಲ್ಲೇ ಮಲಗುತ್ತದಂತೆ. ಕೋವಿಯನ್ನು ಅವನೇ ಅವಳಿಗೆ ಬರೆದುಕೊಟ್ಟಿದ್ದಾನೆ, ಅವಳು ದೂರದ ಊರಿನಲ್ಲಿ ಮಾರುತ್ತಾಳಂತೆ. ಎರಡು ಡಬ್ಬ ಸಾಂಬಾರು ಕಟ್ಟಿಸಿಕೊಂಡಳು.

ನಾನು ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. “ಇದು ನ್ಯೂಜೆರ್ಸಿಯಲ್ಲಿದೆ ಎಂದಿದ್ದಿರಂತೆ” ಎಂದಳು.

“ಹೌದು ಮ್ಯಾಮ್,” ಎಂದೆ. “ನಿನ್ನೆ ಬಂತು. ನನ್ನ ಅಕ್ಕ ಕಳಿಸಿದಳು.”

ರಘು